ಬಸ್ಸು ನುಂಗಿದ ಅಕ್ಷರ

ಊರೆಲ್ಲ “ಸ್ಟುಡಿಯೋದವರು” ಎಂದೇ ಕರೆಯುತ್ತಿದ್ದ ಫೋಟೋಗ್ರಾಫರಿಗೆ ಊರಿನ ಯಾವ ಸಂಘದಲ್ಲೂ ಯಾವ ಸ್ಥಾನವೂ ಇರಲಿಲ್ಲ. ಇದು ಅವರ ಹೆಂಡತಿಯನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲದ ದೊಡ್ಡ ದುಃಖ. ವೇದಿಕೆಯ ಮೇಲೆ ಕುಳಿತ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳ ಫೋಟೋ ತೆಗೆಯುವುದರಲ್ಲೇ ಅವರ ಅರ್ಧ ಆಯುಸ್ಸು ಸವೆದಿತ್ತು. “ಸ್ವಲ್ಪ ನಗಿ ಸಾರ್” ಎಂದು ಬೇಡಿಕೊಳ್ಳುವುದು, ಅವರು ಪಾಪ ಕಷ್ಟಪಟ್ಟು ನಕ್ಕ ಮೇಲೆ ಲೆನ್ಸಿನ ಮುಚ್ಚಳ ತೆಗೆದಿಲ್ಲವೆಂದು ನೆನಪಾಗಿ “ಇನ್ನೊಂದ್ಸಲ ನಗಿ ಸಾರ್” ಎನ್ನುವುದು, ಇದೇ ಅವರ ಬದುಕು. ತಾವೂ ಒಂದು ದಿನ ವೇದಿಕೆಯ ಮೇಲೆ ಕುಳಿತು, ಬೇರೆ ಯಾರೋ ಕೆಳಗೆ ನಿಂತು ತಮ್ಮನ್ನು ನಗಿ ಎನ್ನಬೇಕು ಎಂಬುದು ಅವರ ಆಸೆಯಾಗಿತ್ತು. ಅಂಥ ಮಹಾ ಆಸೆಯೇನಲ್ಲ. ಇದಕ್ಕಿಂತ ಕಡಿಮೆ ಯೋಗ್ಯತೆಯವರು ಇದಕ್ಕಿಂತ ದೊಡ್ಡ ಕುರ್ಚಿಗಳಲ್ಲಿ ಕುಳಿತಿದ್ದಾರೆ.

ಅವರ ಮನೆ, ಸ್ಟುಡಿಯೋ ಎರಡೂ ಒಂದೇ ಕಟ್ಟಡ. ಕೆಳಗೆ ಕ್ಯಾಮೆರಾ, ಮೇಲೆ ಸಂಸಾರ. ಎದುರಿನ ಖಾಲಿ ಜಾಗದಲ್ಲಿ ನಗರಪಾಲಿಕೆಯವರು “ತಾತ್ಕಾಲಿಕವಾಗಿ” ಬಸ್ಸುಗಳನ್ನು ತಿರುಗಿಸುವ ವ್ಯವಸ್ಥೆ ಮಾಡಿದ್ದರು. ಪಾಲಿಕೆಯ ಭಾಷೆಯಲ್ಲಿ ತಾತ್ಕಾಲಿಕ ಎಂದರೆ ಕೇಳುವವರು ಸಾಯುವ ತನಕ ಎಂದರ್ಥ. ಊರಿನ ಬಸ್ಸುಗಳೆಲ್ಲ ಅಲ್ಲಿಗೆ ಬಂದು, ಒಂದು ಸುತ್ತು ಹಾಕಿ, ಮುಂದಿನ ಪಾಳಿಗಾಗಿ ಗುರುಗುಟ್ಟುತ್ತ ನಿಲ್ಲುತ್ತಿದ್ದವು. ಇಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತದೆಂಬ ನಂಬಿಕೆ ಡ್ರೈವರುಗಳಿಗೆ ಇರಲಿಲ್ಲವಾದ್ದರಿಂದ ಯಾರೂ ಆರಿಸುತ್ತಿರಲಿಲ್ಲ. ಸ್ಟುಡಿಯೋದ ಬಿಳಿ ಪರದೆ ಬೂದಿ ಬಣ್ಣಕ್ಕೆ ತಿರುಗಿತು. ಆಮೇಲೆ ಇನ್ನೂ ಒಂದು ಬಣ್ಣಕ್ಕೆ ತಿರುಗಿತು, ಅದಕ್ಕೆ ಹೆಸರಿಲ್ಲ. ಅರ್ಜಿಗೆ ಅಂಟಿಸಲು ಫೋಟೋ ತೆಗೆಸಿಕೊಂಡವರು “ಹಿಂದೆ ಮಳೆಮೋಡ ಬಂದಿದೆ, ತಗೊಳ್ಳಲ್ಲ ಅಂದ್ರು” ಎಂದು ವಾಪಸು ತಂದರೆ, ಸ್ಟುಡಿಯೋದವರು “ಇದು ಕಲೆ” ಎನ್ನುತ್ತಿದ್ದರು.

ಪರದೆ ಹಾಳಾಗಲಿ, ಒಗೆಯಬಹುದು. ಹೆಂಡತಿಯ ಎದೆಯನ್ನು ಒಗೆಯುವುದು ಹೇಗೆ? ಆಕೆಯ ನಗು ಒಂದು ಕಾಲದಲ್ಲಿ ಬೀದಿಯ ಕೊನೆಯವರೆಗೆ ಕೇಳುತ್ತಿತ್ತು. ಗಂಡನ ಒಂದೊಂದು ಎಡವಟ್ಟಿಗೂ ಮನಸಾರೆ ನಗುತ್ತಿದ್ದವಳು, ಈಗ ನಗಲು ಶುರುಮಾಡಿದ ಕೂಡಲೇ ಕೆಮ್ಮು ಒತ್ತರಿಸಿ ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, “ಒಂದೋ ಬಸ್ಸು ಹೋಗ್ಬೇಕು, ಇಲ್ಲ ಇವ್ರು ಹೋಗ್ಬೇಕು. ಎರಡೂ ಒಟ್ಟಿಗೆ ಇರೋಕಾಗಲ್ಲ” ಎಂದುಬಿಟ್ಟರು.

“ತಿಂಗಳ ಕೊನೇಲಿ ನಾನು ಅಣ್ಣನ ಮನೆಗೆ ಹೊರಟೆ ಕಣ್ರೀ” ಎಂದಳು ಹೆಂಡತಿ ಆ ಸಂಜೆ. “ಬಸ್ಸು ಹೋದ ಮೇಲೆ ಹೇಳಿ ಕಳಿಸಿ, ಬರ್ತೀನಿ.”

“ಬಸ್ಸು ಹೋಗದಿದ್ರೆ?”

ಆಕೆ ಮಂಚದ ಕೆಳಗಿನ ಟ್ರಂಕು ಎಳೆದು ಧೂಳು ಒರೆಸತೊಡಗಿದಳು. ಆಕೆ ಇಲ್ಲದ ಮನೆಯಲ್ಲಿ ತಾನು ಮುಚ್ಚಳ ತೆಗೆಯದ ಕ್ಯಾಮೆರಾದಂತೆ ಕತ್ತಲಲ್ಲಿ ಕೂರಬೇಕಾಗುತ್ತದೆ ಎಂದು ಸ್ಟುಡಿಯೋದವರಿಗೆ ಚೆನ್ನಾಗಿ ಗೊತ್ತಿತ್ತು.

ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರ ಹತ್ತಿರ ಹೋಗಿ ಗೋಳು ತೋಡಿಕೊಂಡರು. ಮೇಷ್ಟ್ರು ಬಸ್ಸುಗಳ ವಿಷಯದಲ್ಲಿ ಪಾಲಿಕೆಯ ಮೆಟ್ಟಿಲು ಹತ್ತಿಹತ್ತಿ ಮಂಡಿ ಕಳೆದುಕೊಂಡವರು.

“ಒಬ್ಬೊಬ್ರಾಗಿ ಹೋದ್ರೆ ಅವ್ರು ಮೂಸಿ ಕೂಡ ನೋಡಲ್ಲ. ಸಂಘ ಅಂತ ಹೇಳ್ಬೇಕು. ಸಂಘ ಅಂದ್ರೆ ವೋಟು ಅಂತ ಅವ್ರ ಕಿವಿಗೆ ಕೇಳುತ್ತೆ” ಎಂದರು ಮೇಷ್ಟ್ರು.

“ಸಂಘ ಅಂದ್ರೆ ಅಧ್ಯಕ್ಷರೂ ಇರ್ಬೇಕಲ್ವಾ?” ಎಂದರು ಸ್ಟುಡಿಯೋದವರು, ಆದಷ್ಟೂ ಉದಾಸೀನವಾಗಿ.

ಮೇಷ್ಟ್ರು ಅವರನ್ನು ಕನ್ನಡಕದ ಮೇಲಿನಿಂದ ನೋಡಿ, “ಆಗ್ರಪ್ಪ ನೀವೇ” ಎಂದರು. ಹೀಗೆ ಊರಿನ ಹೊಗೆ ವಿರೋಧಿ ಸಂಘ ಸರ್ವಾನುಮತದಿಂದ ಹುಟ್ಟಿತು. ಆ ಸರ್ವರು ಒಟ್ಟು ಇಬ್ಬರು.

ಅಧ್ಯಕ್ಷರು ಎದೆಯುಬ್ಬಿಸಿಕೊಂಡು ಸ್ಟುಡಿಯೋಗೆ ಬಂದು ಮೇಯರ್ ಕಚೇರಿಗೆ ಫೋನು ಹಚ್ಚಿದರು. ಫೋನು ಇದ್ದದ್ದು ಕಿಟಕಿಯ ಪಕ್ಕದಲ್ಲಿ, ಕಿಟಕಿಯ ಆಚೆ ಬಸ್ಸು. ಆ ಕಡೆ ಮೇಯರ್ ಸಾಹೇಬರ ಆಪ್ತ ಸಹಾಯಕ.

“ನಮಸ್ಕಾರ ಸಾರ್, ನಾನು ಸಂಘದ ಅಧ್ಯಕ್ಷ ಮಾತಾಡ್ತಿದೀನಿ. ನಮ್ದು ಹೊಗೆ ಸಂಘ!”

ಗಾಬರಿಯಲ್ಲಿ “ವಿರೋಧಿ” ಎಂಬ ಪದವನ್ನು ಅಧ್ಯಕ್ಷರೇ ನುಂಗಿದ್ದರು. ಸರಿಯಾಗಿ ಅದೇ ಕ್ಷಣದಲ್ಲಿ ಹೊರಗೆ ಒಂದು ಬಸ್ಸು ಗುರ್ರೆಂದು “ಹೊ” ಎಂಬ ಅಕ್ಷರವನ್ನು ನುಂಗಿತು. ತಂತಿಯ ಆ ತುದಿಗೆ ತಲುಪಿದ್ದು ಬರೀ “ಗೆ ಸಂಘ”. ಸಾಹೇಬರ ಕಿವಿಗೆ ಒಳ್ಳೆಯ ಸುದ್ದಿಯನ್ನಷ್ಟೇ ಹಾಕಿ ಅಭ್ಯಾಸವಿದ್ದ ಆಪ್ತ ಸಹಾಯಕ ಅದಕ್ಕೆ ಮೊದಲು ತಾನೇ ಒಂದು “ನ” ಸೇರಿಸಿಕೊಂಡ.

“ಓಹೋ, ನಗೆ ಸಂಘ! ಬಹಳ ಸಂತೋಷ. ದಿನಾ ಇರುತ್ತಾ?” ಎಂದು ಅವನು ಕೇಳಿದ್ದು ಈ ತುದಿಗೆ ಬರುವಷ್ಟರಲ್ಲಿ ಇನ್ನೊಂದು ಬಸ್ಸು ತಿರುಗಿತು. ಸ್ಟುಡಿಯೋದವರಿಗೆ ಕೇಳಿಸಿದ್ದು “ದಿನಾ ಇರುತ್ತಾ?” ಎಂಬುದು ಮಾತ್ರ.

“ದಿನಾ ಸಾರ್! ಬೆಳಗ್ಗೆ ಬಾಗಿಲು ತೆಗೆಯೋ ಹಾಗಿಲ್ಲ, ಶುರು. ಇಡೀ ಬೀದೀಲಿ ತುಂಬ್ಕೊಂಡಿರುತ್ತೆ.”

“ಹೆಂಗಸ್ರು, ಮಕ್ಕಳು?”

“ಅವ್ರಿಗೇ ಜಾಸ್ತಿ. ಕಣ್ಣಲ್ಲಿ ದಳದಳ ನೀರು ಬರುತ್ತೆ. ನಮ್ಮ ಮನೆಯವ್ಳಂತೂ ಗೋಡೆ ಹಿಡ್ಕೊಂಡು ನಿಂತ್ಬಿಡ್ತಾಳೆ, ಉಸಿರು ತಗೊಳ್ಳೋಕೂ ಆಗಲ್ಲ!”

“ಅಷ್ಟೊಂದಾ!” ಆಪ್ತ ಸಹಾಯಕ ಹಿಗ್ಗಿಹೋದ. “ಅಲ್ಲ, ಇದಕ್ಕೆಲ್ಲ ಯಾರು ಕಾರಣ ಅಂತೀರಿ?”

ಸ್ಟುಡಿಯೋದವರು ಇದ್ದಬದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡರು. “ಯಾರು ಅಂತ ಬೇರೆ ಹೇಳ್ಬೇಕಾ? ಮೇಯರ್ ಸಾಹೇಬ್ರೇ ಕಾರಣ! ಬೇರೆ ಯಾರೂ ಅಲ್ಲ!”

ತಂತಿಯ ಆಚೆ ಆಪ್ತ ಸಹಾಯಕ ಅವಸರವಾಗಿ ಪೆನ್ನು ಕೈಗೆತ್ತಿಕೊಂಡ. ಸಾಹೇಬರು ಗದ್ದುಗೆ ಏರಿದಂದಿನಿಂದ ಅವರನ್ನು ಯಾವುದೇ ಒಳ್ಳೆಯದಕ್ಕೂ ಕಾರಣವೆಂದು ಯಾರೂ ಹೇಳಿದ್ದಿಲ್ಲ.

“ಇದನ್ನ ನೀವು ಬಹಿರಂಗವಾಗಿ ಹೇಳ್ತೀರಾ?”

“ಹೆದರ್ಕೋತೀನಾ? ಬೋರ್ಡು ಬರೆಸಿ ಹಾಕ್ತೀನಿ! ಸಾಹೇಬ್ರು ತಾವೇ ಬಂದು ಕಣ್ಣಾರೆ ನೋಡ್ಲಿ!”

“ಭಾನುವಾರ ಬೆಳಗ್ಗೆ ಬರ್ತಾರೆ” ಎಂದು ಆಪ್ತ ಸಹಾಯಕ ಫೋನಿಟ್ಟ.

ಸುದ್ದಿ ಬೀದಿಯ ತುಂಬ ಹರಡಿತು. ಒಂದೇ ಒಂದು ಫೋನಿನಲ್ಲಿ, ಅದೂ ಗದರಿಸಿ, ಮೇಯರನ್ನು ಕರೆಸುತ್ತಿರುವ ಗಂಡಸು ತಮ್ಮ ನಡುವೆ ಇಷ್ಟು ದಿನ ಮುಚ್ಚಳ ಹುಡುಕಿಕೊಂಡು ಓಡಾಡುತ್ತಿದ್ದನೇ ಎಂದು ಜನ ಬೆರಗಾದರು. ದರ್ಜಿ ಕರೆದು ಕೂರಿಸಿ ಹೊಸ ಕೋಟಿಗೆ ಅಳತೆ ತೆಗೆದ. ಕೆಮ್ಮಿನ ಔಷಧಿ ಮಾರಿಯೇ ಮಹಡಿ ಎತ್ತಿದ್ದ ಔಷಧಿ ಅಂಗಡಿಯವನೊಬ್ಬ ಮಾತ್ರ “ಇದ್ದದ್ದು ಇದ್ದ ಹಾಗೇ ಇದ್ರೆ ಏನು ಕಷ್ಟ?” ಎಂದು ಮುಖ ಊದಿಸಿಕೊಂಡ. ಹೆಂಡತಿ, “ಏನ್ರೀ, ನಿಜವಾಗ್ಲೂ ಬರ್ತಾರಾ?” ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಸ್ವಲ್ಪ ಗೌರವ ಬೆರೆತಿತ್ತು. ಮದುವೆಯಾದ ಮೇಲೆ ಇದೇ ಮೊದಲು ಎಂದು ಸ್ಟುಡಿಯೋದವರ ಅಂದಾಜು.

ಶನಿವಾರ ಪಾಲಿಕೆಯ ಲಾರಿ ಬಂದು ಬೀದಿಗೆ ಅಡ್ಡಲಾಗಿ ಒಂದು ಬ್ಯಾನರು ಕಟ್ಟಿ ಹೋಯಿತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಗಟ್ಟಿಯಾಗಿ ಓದಿದರು: “ನಗೆ ಸಂಘದ ಉದ್ಘಾಟನೆ. ಬಡಾವಣೆಯ ನಗೆಗೆ ಏಕೈಕ ಕಾರಣಕರ್ತರಾದ ಮಾನ್ಯ ಮಹಾಪೌರರಿಂದ.”

ಮತ್ತೊಮ್ಮೆ ಓದಿದರು. ಮೇಷ್ಟ್ರಾಗಿ ಎಂಥೆಂಥ ಕಾಗುಣಿತದ ತಪ್ಪುಗಳನ್ನು ಕಂಡವರು, ಇಂಥದ್ದನ್ನು ಕಂಡಿರಲಿಲ್ಲ. “ಅಧ್ಯಕ್ಷರೇ, ನಮ್ಮ ‘ಹೊ’ ಎಲ್ಲಿ ಹೋಯ್ತು?”

ಅಧ್ಯಕ್ಷರು ಕಕ್ಕಾಬಿಕ್ಕಿಯಾದರು. ಕುರ್ಚಿಗಳನ್ನು ಎಣಿಸುತ್ತ ಅಲ್ಲೇ ನಿಂತಿದ್ದ ಆಪ್ತ ಸಹಾಯಕನ ಬಳಿ ಓಡಿದರು.

“ಸಾರ್, ಇದು ನಗೆ ಅಲ್ಲ, ಹೊಗೆ!”

ಆಪ್ತ ಸಹಾಯಕ ಚೂರೂ ವಿಚಲಿತನಾಗಲಿಲ್ಲ. “ಮೆಲ್ಲಗೆ ಮಾತಾಡಿ. ಆ ಪದ ಸಾಹೇಬ್ರಿಗೆ ಆಗಿಬರಲ್ಲ.”

“ನಮಗೂ ಆಗಿಬರಲ್ಲ ಸಾರ್!”

“ನಿಮಗೆ ಹೊಗೆ ಆಗಿಬರಲ್ಲ. ಅವ್ರಿಗೆ ಪದ ಆಗಿಬರಲ್ಲ. ನೋಡಿ, ಪಾಲಿಕೆ ಪ್ರಕಾರ ಈ ಊರಲ್ಲಿ ಹೊಗೆ ಇಲ್ಲ. ಗಾಳಿ ಅಳೆಯೋ ಯಂತ್ರ ಇಟ್ಟಿದೀವಿ. ಅದ್ರಲ್ಲಿ ಒಂದು ದಿನಾನೂ ಬಂದಿಲ್ಲ.”

“ಯಂತ್ರ ಎಲ್ಲಿದೆ ಸಾರ್?”

“ಸಾಹೇಬ್ರ ಬಂಗಲೆ ತೋಟದಲ್ಲಿ, ಮಾವಿನ ಮರದ ಕೆಳಗೆ. ಅದಿರ್ಲಿ, ಇಲ್ಲದ್ದನ್ನ ನೋಡೋಕೆ ಸಾಹೇಬ್ರು ಹೇಗೆ ಬರ್ತಾರೆ? ನಗೆ ಅಂದ್ರೆ ಬರ್ತಾರೆ. ನಿಮಗೆ ಸಾಹೇಬ್ರು ಬೇಕೋ, ಅಕ್ಷರ ಬೇಕೋ?”

ಸ್ಟುಡಿಯೋದವರು ತಲೆ ಕೆರೆದುಕೊಂಡರು. ಬರಲಿ, ಬಂದಾಗ ಬಸ್ಸುಗಳೇ ಅವರ ಮೂಗಿಗೆ ಅರ್ಥ ಮಾಡಿಸುತ್ತವೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆಪ್ತ ಸಹಾಯಕ ಆ ಲೆಕ್ಕಕ್ಕೂ ತಣ್ಣೀರೆರಚಿದ. “ನಾಳೆ ಬಸ್ಸುಗಳನ್ನ ಪಕ್ಕದ ಬೀದಿಗೆ ಹಾಕ್ಸಿದೀನಿ. ಸಾಹೇಬ್ರು ನಗೋವಾಗ ಏನೂ ಅಡ್ಡ ಬರಬಾರ್ದು ನೋಡಿ.”

ಬಸ್ಸುಗಳನ್ನು ಅಲ್ಲಿಂದ ಒಂದಡಿ ಸರಿಸುವುದೂ ತಾಂತ್ರಿಕವಾಗಿ ಅಸಾಧ್ಯವೆಂದು ಇದೇ ಮನುಷ್ಯ ಮೇಷ್ಟ್ರಿಗೆ ಇಷ್ಟು ವರ್ಷ ವಿವರಿಸಿ ಕಳಿಸಿದ್ದ.

ಭಾನುವಾರ ಬೆಳಗ್ಗೆ ಬೀದಿ ಗುರುತೇ ಸಿಗದಂತಿತ್ತು. ಎದುರಿನ ಜಾಗದಾಚೆ ಒಂದು ಮರವಿದೆಯೆಂದು ಹಲವರಿಗೆ ಅಂದೇ ಗೊತ್ತಾದದ್ದು. ಸ್ಟುಡಿಯೋದವರ ಹೆಂಡತಿ ಮೇಲಿನ ಕಿಟಕಿಯನ್ನು ಗುದ್ದಿಗುದ್ದಿ ತೆರೆದು, ಕಟ್ಟೆಗೆ ಮೊಣಕೈ ಊರಿ ನಿಂತಳು. ಉಸಿರು ಒಳಗೆ ಹೋಯಿತು, ಹೊರಗೆ ಬಂತು, ನಡುವೆ ಏನೂ ತಡೆಯಲಿಲ್ಲ.

ಮೇಯರ್ ಸಾಹೇಬರು ಬಂದರು, ಟೇಪು ಕತ್ತರಿಸಿದರು, ಜನರೆಲ್ಲ ಕೈ ಮೇಲೆತ್ತಿ ಹಾ ಹಾ ಹಾ ಎಂದರು. ಪಾಲಿಕೆಯ ನೌಕರರು ಸ್ವಲ್ಪ ಹೆಚ್ಚಾಗಿಯೇ ಎಂದರು. ಸಾಹೇಬರು ಮೈಕು ಹಿಡಿದು, “ನಾನು ಅಧಿಕಾರಕ್ಕೆ ಬಂದಾಗಿನಿಂದ ಊರಿನ ಜನ ನಗ್ತಾ ಇದಾರೆ. ಇದನ್ನ ನೋಡಿ ನನಗೇ ಆಶ್ಚರ್ಯ!” ಎಂದು ಭಾಷಣ ಮಾಡಿದರು. ನಂತರ ವಂದನಾರ್ಪಣೆಗೆ ಅಧ್ಯಕ್ಷರನ್ನು ಕರೆದರು.

ಸ್ಟುಡಿಯೋದವರು ಹೊಸ ಕೋಟಿನಲ್ಲಿ ವೇದಿಕೆ ಹತ್ತಿದರು. ಜನ್ಮದ ಆಸೆ ಕೈಗೂಡಿದ ಗಳಿಗೆ. ಹೊಗೆಯ ಮೇಲೆ ಬೆಂಕಿಯಂಥ ಭಾಷಣ ತಯಾರಾಗಿತ್ತು. ತಲೆಯೆತ್ತಿ ನೋಡಿದರೆ ಕಿಟಕಿಯಲ್ಲಿ ಹೆಂಡತಿ, ಸುಮ್ಮನೆ ಉಸಿರಾಡುತ್ತ ನಿಂತಿದ್ದಳು. ನಾಳೆ ಈ ಕಿಟಕಿ ಮತ್ತೆ ಮುಚ್ಚುತ್ತದೆ ಎಂದುಕೊಂಡದ್ದೇ ತಡ, ಭಾಷಣವೆಲ್ಲ ಮರೆತುಹೋಯಿತು.

“ಸಾಹೇಬ್ರು ಬಂದ್ರು, ಬಸ್ಸು ಹೋಯ್ತು” ಎಂದರು ಮೈಕಿನಲ್ಲಿ. “ಸಾಹೇಬ್ರು ಹೋದ್ರೆ ಬಸ್ಸು ಬರುತ್ತೆ. ಅದಕ್ಕೇ... ಸಾಹೇಬ್ರು ಹೋಗ್ಬಾರ್ದು!”

ಆಪ್ತ ಸಹಾಯಕ ಮೈಕಿನ ತಂತಿಗೆ ಕೈ ಹಾಕಿದ. ಆಗ ಮೇಷ್ಟ್ರು ಎದ್ದು ನಿಂತರು. “ಅಧ್ಯಕ್ಷರು ಹೇಳೋದೇನಂದ್ರೆ, ಸಾಹೇಬ್ರೇ ಈ ಸಂಘದ ಕಾಯಂ ಅಧ್ಯಕ್ಷರಾಗ್ಬೇಕು. ಯಾವಾಗ ಬೇಕಾದ್ರೂ ಬಂದು ನಮ್ಮ ಜೊತೆ ನಗ್ಬೇಕು!”

ಚಪ್ಪಾಳೆಯೋ ಚಪ್ಪಾಳೆ. ಸಾಹೇಬರು ಎದೆ ತಟ್ಟಿಕೊಂಡು, “ಖಂಡಿತ! ಯಾವ ಕ್ಷಣದಲ್ಲಿ ಬೇಕಾದ್ರೂ ಬರ್ತೀನಿ!” ಎಂದುಬಿಟ್ಟರು. ಇಂಥ ಮಾತು ಅವರು ದಿನಕ್ಕೆ ಹಲವು ಬಾರಿ ಆಡುವವರೇ. ಆದರೆ ಇದನ್ನು ಪತ್ರಿಕೆಯವರು ಬರೆದುಕೊಂಡರು.

ಬಸ್ಸುಗಳನ್ನು ವಾಪಸು ತರಿಸುವ ಧೈರ್ಯ ಆಪ್ತ ಸಹಾಯಕನಿಗೆ ಬರಲಿಲ್ಲ. ಯಾವ ಕ್ಷಣದಲ್ಲಿ ಬೇಕಾದರೂ ಎಂದ ಮೇಲೆ, ಯಾವ ಕ್ಷಣ ಎಂದು ಯಾರಿಗೆ ಗೊತ್ತು? ಸಾಹೇಬರು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ, ಬಸ್ಸುಗಳೂ ಇಡಲಿಲ್ಲ. ಸ್ಟುಡಿಯೋದವರು ಅಧ್ಯಕ್ಷಗಿರಿ ಕಳೆದುಕೊಂಡು ಉಪಾಧ್ಯಕ್ಷರಾದರು. ಕೋಟು ಮಾತ್ರ ಬಿಚ್ಚಲಿಲ್ಲ.

ಅದೇ ವಾರ ಪಕ್ಕದ ಬೀದಿಯ ಬೇಕರಿಯಾಕೆ ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದಳು. ಎಲ್ಲರೂ ಕೆಮ್ಮುತ್ತಿದ್ದರು.

“ನೀವು ನಕ್ಕಿದ್ದಕ್ಕೆ ನಮಗೆ ಹೊಗೆ! ಬ್ರೆಡ್ಡೆಲ್ಲ ಡೀಸೆಲ್ ವಾಸನೆ. ನನ್ನ ಮಗು ಉಸಿರಾಡಿದ್ರೆ ಸೀಟಿ ಊದಿದ ಹಾಗೆ ಆಗುತ್ತೆ. ಏನು ಮಾಡ್ತೀರಿ ಹೇಳಿ!”

ಉಪಾಧ್ಯಕ್ಷರು ಕೋಟಿನ ಗುಂಡಿ ಸರಿಮಾಡಿಕೊಂಡರು. “ನಿಮ್ಮ ಮನವಿ ಸಂಘದ ಗಮನಕ್ಕೆ ಬಂದಿದೆ. ಸೂಕ್ತ ಕಾಲದಲ್ಲಿ ಪರಿಶೀಲಿಸ್ತೀವಿ.”

“ರೀ!” ಒಳಗಿನಿಂದ ಹೆಂಡತಿ ಬಂದಳು. “ಕೋಟು ಹಾಕ್ಕೊಂಡು ವಾರ ಆಗಿಲ್ಲ, ಆಗ್ಲೇ ಅವ್ರ ಥರಾನೇ ಮಾತಾಡ್ತೀರಲ್ಲ, ನಾಚ್ಕೆ ಆಗಲ್ವಾ? ನಾನು ಅಣ್ಣನ ಮನೆಗೆ ಹೋಗೋದು ತಪ್ಪಿತು ಅಂತ ಈ ಮಗು ಹೋಗ್ಬೇಕಾ ಎಲ್ಲಿಗಾದ್ರೂ?”

ಉಪಾಧ್ಯಕ್ಷರು ನಿಂತಲ್ಲೇ ಕುಗ್ಗಿದರು. ನಾಚಿಕೆ ನಿಜವಾಗಿಯೂ ಆಗಿತ್ತು. ಹೆಂಡತಿ ಬೇಕರಿಯಾಕೆಯನ್ನು ಕೂರಿಸಿ, ಚಹಾ ಕೊಟ್ಟು, “ನೀವೂ ಒಂದು ನಗೆ ಸಂಘ ಶುರು ಮಾಡಮ್ಮ. ಸಾಹೇಬ್ರನ್ನ ಕಾಯಂ ಅಧ್ಯಕ್ಷರು ಮಾಡಿ. ಫೋಟೋ ನಮ್ಮ ಯಜಮಾನ್ರು ತೆಗೀತಾರೆ, ದುಡ್ಡು ಬೇಡ” ಎಂದಳು. ದುಡ್ಡು ಬೇಡವೆಂಬ ಭಾಗ ಯಜಮಾನರಿಗೂ ಆಗಲೇ ತಿಳಿದದ್ದು.

ಮುಂದಿನ ಭಾನುವಾರ ಪಕ್ಕದ ಬೀದಿ ನಕ್ಕಿತು. ಬಸ್ಸುಗಳು ಅದರ ಪಕ್ಕದ ಬೀದಿಗೆ ಹೋದವು. ಅದೂ ನಕ್ಕಿತು. ಮಾರುಕಟ್ಟೆ ನಕ್ಕಿತು, ಆಸ್ಪತ್ರೆಯ ಬೀದಿ ನಕ್ಕಿತು, ಕೋರ್ಟಿನ ಹಿಂದಿನ ವಕೀಲರ ಬೀದಿ ಕೂಡ ನಕ್ಕಿತು. ಸಾಹೇಬರು ಎಲ್ಲ ಕಡೆಯೂ ಹೋಗಿ ಎದೆ ತಟ್ಟಿಕೊಂಡು “ಯಾವ ಕ್ಷಣದಲ್ಲಿ ಬೇಕಾದ್ರೂ” ಎಂದರು. ಇಷ್ಟೊಂದು ನಗುವ ಊರು ಇನ್ನೊಂದಿಲ್ಲ ಎಂದು ಪತ್ರಿಕೆಗಳು ಬರೆದವು. ಆಪ್ತ ಸಹಾಯಕ ಮಾತ್ರ ಊರಿನ ನಕ್ಷೆ ಹರಡಿಕೊಂಡು, ಇನ್ನೂ ನಗದ ಬೀದಿ ಯಾವುದೆಂದು ಹುಡುಕುತ್ತ ದಿನೇದಿನೇ ಸೊರಗಿದ.

ಕೊನೆಗೆ ಊರಿನಲ್ಲಿ ನಗೆ ಸಂಘವಿಲ್ಲದ ಒಂದೇ ಒಂದು ಬೀದಿ ಉಳಿಯಿತು. ಅಲ್ಲಿನ ಮನೆಗಳಿಗೆ ಎತ್ತರದ ಕಾಂಪೌಂಡುಗಳು. ಅಕ್ಕಪಕ್ಕದವರು ಮಾತೇ ಆಡುವುದಿಲ್ಲ, ಇನ್ನು ಕೂಡಿ ನಗುವುದೆಲ್ಲಿ ಬಂತು? ಮೇಯರ್ ಸಾಹೇಬರ ಬಂಗಲೆ ಇದ್ದದ್ದು ಆ ಬೀದಿಯಲ್ಲಿ.

ಮಾರನೆಯ ದಿನವೇ ಬಂಗಲೆಯಿಂದ ಕಾರು ಬಂದು ಸ್ಟುಡಿಯೋದವರನ್ನು ಎತ್ತಿ ಹಾಕಿಕೊಂಡು ಹೋಯಿತು. ಫೋಟೋಗಾಗಿ ಕರೆಸಿರಬೇಕೆಂದು ಅವರು ಕ್ಯಾಮೆರಾ ಹಿಡಿದು ಇಳಿದರು. ಗೇಟಿನ ಮುಂದೆ ಬಸ್ಸುಗಳು ಸಾಲಾಗಿ ಗುರುಗುಟ್ಟುತ್ತಿದ್ದವು. ಜಗಲಿಯಲ್ಲಿ ಸಾಹೇಬರು ಮೂಗಿಗೆ ಟವೆಲು ಒತ್ತಿಕೊಂಡು ಶತಪಥ ಹಾಕುತ್ತಿದ್ದರು. ಕಣ್ಣು ಕೆಂಡದಂತಿತ್ತು. ಆಪ್ತ ಸಹಾಯಕ ಕಂಬದ ಮರೆಯಲ್ಲಿದ್ದ.

“ಬೇರೆ ಕಡೆ ಕಳಿಸ್ರೀ ಅವನ್ನ!”

“ಎಲ್ಲಿಗೆ ಕಳಿಸ್ಲಿ ಸಾರ್? ಎಲ್ಲ ಬೀದೀಲೂ ತಾವೇ ಅಧ್ಯಕ್ಷರು. ಯಾವ ಕ್ಷಣದಲ್ಲಿ ಬೇಕಾದ್ರೂ ಬರ್ತೀನಿ ಅಂದಿದೀರಿ.”

“ಬರಲ್ಲ ಅಂತ ಹೇಳ್ರೀ!”

“ಊರಿಗೆ ಊರೇ ನಗ್ತಿರೋವಾಗ ಸಾಹೇಬ್ರು ಯಾಕೆ ಬರಲ್ಲ ಅಂತ ಪತ್ರಿಕೆಯವ್ರು ಕೇಳ್ತಾರೆ ಸಾರ್.”

ಸಾಹೇಬರು ಏನೋ ಬೈಯಲು ಬಾಯಿ ತೆರೆದರು. ಬಂದದ್ದು ಕೆಮ್ಮು. ಬಗ್ಗಿ, ಎದ್ದು, ಗೋಡೆ ಹಿಡಿದು ಕೆಮ್ಮಿದರು. ಕಣ್ಣಲ್ಲಿ ದಳದಳ ನೀರು ಬಂತು. ಸ್ಟುಡಿಯೋದವರಿಗೆ ಕನಿಕರವೆನಿಸಿ ಬಳಿಗೆ ಹೋಗಿ ಬೆನ್ನು ಸವರಿದರು. ಇದು ಅವರಿಗೆ ಅಭ್ಯಾಸವಾಗಿದ್ದ ಕೆಲಸ.

ಅಷ್ಟರಲ್ಲಿ ಒಳಗಿನಿಂದ ಸಾಹೇಬರ ಹೆಂಡತಿ ಸೂಟ್‌ಕೇಸು ಎಳೆದುಕೊಂಡು ಬಂದರು. “ಈ ಹೊಗೇಲಿ ನನ್ನ ಕೈಲಿ ಆಗಲ್ಲ. ತಂಗಿ ಮನೆಗೆ ಹೊರಟೆ. ಬಸ್ಸು ಹೋದ ಮೇಲೆ ಹೇಳಿ ಕಳಿಸಿ.”

ಊರಿಗೇ ಹೆದರದ ಸಾಹೇಬರು ಆ ಸೂಟ್‌ಕೇಸಿಗೆ ಹೆದರಿದರು. ಕುರ್ಚಿಯಲ್ಲಿ ಕುಸಿದು, ಸ್ಟುಡಿಯೋದವರ ತೋಳು ಹಿಡಿದುಕೊಂಡು, “ಏನ್ರೀ ಮಾಡೋದು ಈಗ?” ಎಂದರು. ಧ್ವನಿಯಲ್ಲಿ ಮೇಯರ್ ಇರಲಿಲ್ಲ, ಬರೀ ಗಂಡ ಇದ್ದ.

ಸ್ಟುಡಿಯೋದವರು ಜೀವನದಲ್ಲಿ ಮೊದಲ ಬಾರಿಗೆ ಗೊಂದಲವಿಲ್ಲದೆ ಮಾತಾಡಿದರು. “ಬಸ್ಸು ಎಲ್ಲಿಗೂ ಕಳಿಸೋದು ಬೇಡ ಸಾರ್. ರಿಪೇರಿ ಮಾಡಿಸಿ. ನಿಂತಾಗ ಇಂಜಿನ್ ಆರಿಸಿದ್ರೂ ಮತ್ತೆ ಸ್ಟಾರ್ಟ್ ಆಗೋ ಹಾಗೆ ಮಾಡಿ, ಆರಿಸ್ಲೇಬೇಕು ಅಂತ ಹೇಳಿ. ರಿಪೇರಿ ಆಗದ ಮುದಿ ಬಸ್ಸನ್ನ ಗುಜರಿಗೆ ಹಾಕಿ.”

“ಇಷ್ಟೇನಾ?” ಸಾಹೇಬರು ಬೆಪ್ಪಾಗಿ ನೋಡಿದರು. “ಇಷ್ಟೇ ಆಗಿದ್ರೆ, ಅಲ್ಲ ಕಣ್ರೀ, ಯಾಕೆ ಯಾರೂ ನನಗೆ ಮೊದಲೇ ಹೇಳ್ಲಿಲ್ಲ?”

ಕಂಬದ ಮರೆಯಲ್ಲಿ ಆಪ್ತ ಸಹಾಯಕ ನೆಲ ನೋಡಿದ.

ಮಧ್ಯಾಹ್ನದೊಳಗೆ ಆಜ್ಞೆ ಹೊರಟಿತು. ಊರಿನ ಅಷ್ಟೂ ವರ್ಷಗಳ ಕೂಗಿಗೆ ಹೊರಡದ ಆಜ್ಞೆ, ಒಬ್ಬಾಕೆ ಸೂಟ್‌ಕೇಸು ಮತ್ತೆ ಒಳಗಿಡಲಿ ಎಂದು ಹೊರಟಿತು. ತಿಂಗಳು ಕಳೆಯುವುದರೊಳಗೆ ಮುದಿ ಬಸ್ಸುಗಳು ಗುಜರಿ ಸೇರಿದವು, ಉಳಿದವು ನಿಂತಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ಕಲಿತವು. ಪತ್ರಿಕೆಗಳಲ್ಲಿ ಸಾಹೇಬರ ಫೋಟೋ ಬಂತು, ಕೆಳಗೆ “ಹೊಗೆಯನ್ನು ಮೊದಲು ಗುರುತಿಸಿದ ದೂರದರ್ಶಿ ನಾಯಕ” ಎಂದು. ಈ ಸಲ “ಹೊ” ಸ್ಪಷ್ಟವಾಗಿತ್ತು.

ಸ್ಟುಡಿಯೋದವರು ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿದರು. ಕೈ ಮುರಿದ ಕುರ್ಚಿಯಲ್ಲಿ ಕುಳಿತು ಕಾಳು ಆರಿಸುತ್ತಿದ್ದ ಹೆಂಡತಿಗೆ ಅದನ್ನು ಓದಿ ಹೇಳಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಸಾಹೇಬರು ಕೇಳಿದ್ದನ್ನು, ಅವರದೇ ಧ್ವನಿಯಲ್ಲಿ, ಕಣ್ಣು ಬಿಟ್ಟುಕೊಂಡು ಅಭಿನಯಿಸಿ ತೋರಿಸಿದರು.

ಹೆಂಡತಿ ಗಂಡನ ಮುಖ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಮೊರ ಜಾರಿ ಕಾಳೆಲ್ಲ ಚೆಲ್ಲಿತು, ಆಕೆ ನಿಲ್ಲಿಸಲಿಲ್ಲ. ಪಕ್ಕದ ಮನೆಯ ಮೇಷ್ಟ್ರು ಏನಾಯಿತೆಂದು ಹೊರಗೆ ಬಂದು ಮೇಲೆ ನೋಡಿದರು. ಸ್ಟುಡಿಯೋದವರು ಆಕೆಗೆ ಈಗ ಕೆಮ್ಮು ಬರುತ್ತದೆ, ಈಗ ಬರುತ್ತದೆ ಎಂದು, ಹಿಡಿದುಕೊಳ್ಳಲು ಎರಡು ಕೈಯನ್ನೂ ಮುಂದೆ ಚಾಚಿ, ತಮ್ಮ ಉಸಿರು ಬಿಗಿಹಿಡಿದು ನಿಂತರು.

ಬರಲಿಲ್ಲ.